ಸಮುದ್ರದಡಿ ಅಂಕಿ ಮಾಯವಾದ್ರೆ? ಸ್ಕೂಬಾ ಟ್ರಾನ್ಸ್‌ಮಿಟರ್ ಒಳಗಿನ ಪುಟ್ಟ ಸೆಲ್ಲಿನ ಕಥೆ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ತೋಟಕ್ಕೆ ನೀರು ಬಿಟ್ಟು ತ್ರೀ ಫೇಸ್ ಕರೆಂಟ್ ಹೋಗೋವರೆಗೂ ಕಾಯ್ತಾ ಇರೋರಿಗೂ ಸ್ವಾಗತ.

ಇವತ್ತಿನ ವಿಷಯ ಕೇಳಿದ್ರೆ ಕೆಲವರು ನಗಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದ್ರೆ ಕಲ್ಪತರು ನಾಡು. ತೆಂಗು, ಕೊಬ್ಬರಿ, ಬೋರ್‌ವೆಲ್ ನಮ್ಮ ಮಾತು. ಸಮುದ್ರ ನೋಡ್ಬೇಕು ಅಂದ್ರೆ ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳೀಬೇಕು. ಅಂಥಾದ್ರಲ್ಲಿ ಸ್ಕೂಬಾ ಸಿಲಿಂಡರ್ ಬಗ್ಗೆ ಯಾಕೆ ಮಾತು?

ಯಾಕಂದ್ರೆ ಪ್ರಶ್ನೆ ಬಂದಿರೋದೇ ಇಲ್ಲಿಂದ. ತುರುವೇಕೆರೆ ತಾಲ್ಲೂಕಿನ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದಾನೆ. ಡೈವಿಂಗ್ ಕೋರ್ಸ್ ಮುಗಿಸಿದಾನೆ. ಮುಂದಿನ ಸೀಸನ್‌ಗೆ ಮುರ್ಡೇಶ್ವರದ ಕಡೆ ಡೈವ್ ಗೈಡ್ ಕೆಲಸ ಹುಡುಕಬೇಕು ಅಂತ ಅವನ ಆಸೆ. ಅವನ ಮಾತಲ್ಲೇ ಹೇಳ್ತೀನಿ: "ಅಣ್ಣಾ, ಸೆಕೆಂಡ್ ಹ್ಯಾಂಡಲ್ಲಿ ಒಂದು ವೈರ್‌ಲೆಸ್ ಟ್ರಾನ್ಸ್‌ಮಿಟರ್ ತಗೊಂಡೆ. ಬೆಳಿಗ್ಗೆ ನೋಡ್ದಾಗ ಬ್ಯಾಟರಿ ಸರಿ ಐತೆ ಅಂತ ತೋರಿಸ್ತು. ಎರಡನೇ ಡೈವಲ್ಲಿ 14 ಮೀಟರ್ ಕೆಳಗೆ ಇದ್ದಾಗ ಗಾಳಿ ಎಷ್ಟೈತೆ ಅನ್ನೋ ಅಂಕೀನೇ ಹೊರಟೋಯ್ತು. ಜೊತೇಲಿದ್ದೋರು ಮೇಲೆ ಕರ್ಕೊಂಡು ಬಂದ್ರು. ಸರಿ ಐತೆ ಅಂದಿದ್ದು ಹೆಂಗೆ ಕೈ ಕೊಡ್ತು?"

ಒಳ್ಳೇ ಪ್ರಶ್ನೆ. ಉತ್ತರ ಆ ಹುಡುಗನಿಗೆ ಮಾತ್ರ ಅಲ್ಲ, ಈ ವರ್ಷ ನೇತ್ರಾಣಿಗೆ ಹೋಗೋ ಪ್ಲಾನ್ ಇರೋ ಎಲ್ಲರಿಗೂ ಬೇಕಾಗಿರೋದು.

ನೇತ್ರಾಣಿ, ಸಿಲಿಂಡರ್ ಮತ್ತು ನಮ್ಮ ಚಿಪ್ಪು

ನೇತ್ರಾಣಿ ಗೊತ್ತಲ್ಲ? ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೂರದ ಪುಟ್ಟ ದ್ವೀಪ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ಬಂತಲ್ಲ, ಅದರಲ್ಲಿ ಅಪ್ಪು ನೀರೊಳಗೆ ಇಳಿದಿದ್ದನ್ನ ನೋಡಿದ ಮೇಲೆ ನಮ್ಮ ಕಡೆ ಹುಡುಗರಿಗೂ ಆ ಹೆಸರು ಬಾಯಿಗೆ ಬಂತು. ಮಳೆಗಾಲದಲ್ಲಿ ಡೈವಿಂಗ್ ಬಂದ್. ಅಕ್ಟೋಬರ್ ಹೊತ್ತಿಗೆ ಸಮುದ್ರ ತಣ್ಣಗಾದ ಮೇಲೆ ಶುರುವಾಗಿ ಬೇಸಿಗೆಯವರೆಗೂ ನಡೆಯುತ್ತೆ.

ಬೆನ್ನಿಗೆ ಕಟ್ಟೋ ಸಿಲಿಂಡರ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಅದರಲ್ಲಿ ಇರೋದು ಶುದ್ಧ ಆಕ್ಸಿಜನ್ ಅಲ್ಲ. ನಾವು ಈಗ ಉಸಿರಾಡ್ತಿರೋ ಮಾಮೂಲಿ ಗಾಳೀನೇ, ಸೋಸಿ ಒತ್ತಿ ತುಂಬಿರ್ತಾರೆ. ಸೋಸೋದಕ್ಕೆ ಕಂಪ್ರೆಸರ್ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಹಾಕ್ತಾರೆ. ಒಳ್ಳೇ ದರ್ಜೆಯ ಆಕ್ಟಿವೇಟೆಡ್ ಕಾರ್ಬನ್ ಯಾವುದರಿಂದ ಮಾಡ್ತಾರೆ ಗೊತ್ತಾ? ತೆಂಗಿನ ಚಿಪ್ಪಿನ ಇದ್ದಿಲಿನಿಂದ! ಕಾಯಿ ಸುಲಿದು ಕೊಬ್ಬರಿ ತೆಗೆದ ಮೇಲೆ ಉಳಿಯೋ ಚಿಪ್ಪಿಗೆ ಸಮುದ್ರದ ತಳದಲ್ಲೂ ಒಂದು ಕೆಲಸ ಇದೆ.

ಈಗ ಲೆಕ್ಕಕ್ಕೆ ಬರೋಣ. ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ ಒಳಗಿನ ಜಾಗ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬ್ತಾರೆ, ಅಂದ್ರೆ ಸುಮಾರು 3000 ಪಿಎಸ್‌ಐ. ಸ್ಟೇಷನ್‌ನ ಪಿಎಸ್‌ಐ ಅಲ್ಲ, ಟೈರಿಗೆ ಗಾಳಿ ಹಿಡಿಸೋವಾಗ ಹೇಳ್ತೀವಲ್ಲ, ಆ ಪಿಎಸ್‌ಐ. ಬೈಕ್ ಟೈರ್‌ನಲ್ಲಿ 30ರ ಆಸುಪಾಸು ಇದ್ರೆ ಇಲ್ಲಿ ಅದರ ನೂರು ಪಟ್ಟು. 11 ಲೀಟರ್ ಜಾಗ, 200 ಬಾರ್: ಒಟ್ಟು 2200 ಲೀಟರ್ ಗಾಳಿ.

ನೆಲದ ಮೇಲೆ ಒಬ್ಬ ನಿಮಿಷಕ್ಕೆ 20 ಲೀಟರ್ ಎಳ್ಕೊಳ್ತಾನೆ ಅಂದ್ಕೊಳ್ಳಿ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುತ್ತೆ, ಹಾಗಾಗಿ ಖರ್ಚೂ 40 ಲೀಟರ್ ಆಗುತ್ತೆ. ಕೊನೇ 50 ಬಾರ್ ಮುಟ್ಟಬಾರದು, ಅದು ಆಪತ್ತಿಗೆ ಮೀಸಲು. ಉಳಿಯೋದು 1650 ಲೀಟರ್, ಅಂದ್ರೆ ಸುಮಾರು 40 ನಿಮಿಷ. 20 ಮೀಟರ್‌ಗೆ ಇಳಿದ್ರೆ ಅದೂ ಇಲ್ಲ, 27 ನಿಮಿಷಕ್ಕೆ ಮುಗೀತು. ಸಿಲಿಂಡರ್‌ನಲ್ಲಿ ಈಗ ಎಷ್ಟಿದೆ ಅನ್ನೋ ಅಂಕಿ ಯಾಕಷ್ಟು ಮುಖ್ಯ ಅಂತ ಗೊತ್ತಾಯ್ತಲ್ಲ?

ತಂತಿ ಇಲ್ಲದೆ ಅಂಕಿ ಬರೋದು ಹೇಗೆ?

ಹಳೇ ಪದ್ಧತೀಲಿ ಸಿಲಿಂಡರ್‌ನಿಂದ ಒಂದು ಪೈಪು ಬಂದು, ಅದರ ತುದೀಲಿ ಮುಳ್ಳಿನ ಮೀಟರ್ ಇರುತ್ತೆ. ಪಂಪ್‌ಹೌಸ್‌ನ ಪ್ರೆಶರ್ ಗೇಜ್ ನೋಡಿದೀರಲ್ಲ, ಅದರ ಅಣ್ಣ ಅಂದ್ಕೊಳ್ಳಿ. ಬ್ಯಾಟರಿ ಬೇಡ, ಸಿಗ್ನಲ್ ಬೇಡ.

ಹೊಸ ಪದ್ಧತೀಲಿ ರೆಗ್ಯುಲೇಟರ್‌ನ ಹೈ ಪ್ರೆಶರ್ ತೂತಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಟ್ರಾನ್ಸ್‌ಮಿಟರ್ ತಿರುಗಿಸಿ ಕೂರಿಸ್ತಾರೆ. ಅದರೊಳಗೆ ಒತ್ತಡ ಅಳೆಯೋ ಸೆನ್ಸರ್, ಒಂದು ಸರ್ಕ್ಯೂಟ್, ಆಂಟೆನಾ ಸುರುಳಿ, ಒಂದು ಸೆಲ್. ಅದು ಕೆಲವು ಸೆಕೆಂಡಿಗೊಮ್ಮೆ ಒತ್ತಡ ಅಳೆದು, ಕೈಗೆ ಕಟ್ಟಿರೋ ಡೈವ್ ಕಂಪ್ಯೂಟರ್‌ಗೆ ಕಳಿಸ್ತಾ ಇರುತ್ತೆ.

ನಿಮ್ಮ ಇಯರ್‌ಬಡ್ಸ್ ಥರ ಬ್ಲೂಟೂತ್ ಅಲ್ಲ ಇದು. ಉಪ್ಪುನೀರು ಬ್ಲೂಟೂತ್ ಅಲೆಗಳನ್ನ ಕೆಲವೇ ಸೆಂಟಿಮೀಟರ್‌ನಲ್ಲಿ ನುಂಗಿಬಿಡುತ್ತೆ. ಅದಕ್ಕೇ ಬಹಳಷ್ಟು ಟ್ರಾನ್ಸ್‌ಮಿಟರ್‌ಗಳು ತೀರಾ ಕಡಿಮೆ ಕಂಪನಾಂಕ ಬಳಸ್ತವೆ, ಸುಮಾರು 38 ಕಿಲೋಹರ್ಟ್ಸ್. ನೀರಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸೋಕೆ ನಮ್ಮ ನೌಕಾಪಡೆ ತಮಿಳುನಾಡಿನ ಐಎನ್‌ಎಸ್ ಕಟ್ಟಬೊಮ್ಮನ್‌ನಲ್ಲಿ ಭಾರೀ ಟವರ್ ನಿಲ್ಲಿಸಿರೋದೂ ಇದೇ ಕಾರಣಕ್ಕೆ. ಅಲ್ಲಿ ಟವರ್ ದೊಡ್ಡದು, ಇಲ್ಲಿ ಹೆಬ್ಬೆರಳು. ಹಾಗಾಗಿ ಇದರ ಸಿಗ್ನಲ್ ಹೋಗೋದು ಒಂದು ಮೀಟರ್, ಸ್ವಲ್ಪ ಹೆಚ್ಚು ಅಂದ್ಕೊಳ್ಳಿ. ಗಾರ್ಮಿನ್‌ನಂಥ ಕೆಲವು ಕಂಪನಿಗಳು ರೇಡಿಯೋ ಬಿಟ್ಟು ಶಬ್ದದ ಅಲೆ ಬಳಸ್ತವೆ, ಅದು ಇನ್ನೂ ದೂರ ಹೋಗುತ್ತೆ.

ಇಷ್ಟೆಲ್ಲಾ ಕೆಲಸಕ್ಕೂ ಶಕ್ತಿ ಕೊಡೋದು ಒಂದೇ ಒಂದು ಸೆಲ್.

'ಸರಿ ಇದೆ' ಅನ್ನೋದು ಯಾಕೆ ಪೂರ್ತಿ ಸತ್ಯ ಅಲ್ಲ?

ನಮ್ಮ ಕಡೆ ಹಿರಿಯರು ಟಾರ್ಚ್‌ಗೇ 'ಬ್ಯಾಟ್ರಿ' ಅಂತಾರೆ, ಒಳಗಡೆ ಹಾಕೋದು 'ಶೆಲ್ಲು'. ಆ ಶೆಲ್ಲು ಮುಗೀತಾ ಬಂದ್ರೆ ಬೆಳಕೇ ಹೇಳುತ್ತೆ. ಮೊದಲು ಬಿಳಿ, ಆಮೇಲೆ ಹಳದಿ, ಆಮೇಲೆ ಮಿಣಮಿಣ. ಒಂದು ವಾರ ಮುಂಚೇನೇ ಅಂಗಡಿಗೆ ಹೋಗು ಅಂತ ಸೂಚನೆ ಕೊಡುತ್ತೆ.

ಟ್ರಾನ್ಸ್‌ಮಿಟರ್‌ನಲ್ಲಿ ಇರೋದು ಆ ಜಾತಿ ಅಲ್ಲ. ಸಾಮಾನ್ಯವಾಗಿ ಸಿಆರ್2 ಅಥವಾ ಸಿಆರ್123ಎ ಅನ್ನೋ 3 ವೋಲ್ಟ್‌ನ ಲಿಥಿಯಂ ಸೆಲ್. ಉದಾಹರಣೆಗೆ ಶಿಯರ್‌ವಾಟರ್ ಕಂಪನಿಯ ಸ್ವಿಫ್ಟ್‌ನಲ್ಲಿ ಸಿಆರ್123ಎ ಇರುತ್ತೆ. ಫೋನಿನ ಬ್ಯಾಟರಿ ಥರ ಇವನ್ನ ಚಾರ್ಜ್ ಮಾಡೋಕಾಗಲ್ಲ. ಮುಗೀತು ಅಂದ್ರೆ ಮುಗೀತು.

ಇವುಗಳ ಒಳ್ಳೇ ಗುಣಾನೇ ನಮಗೆ ಕಷ್ಟ ತರೋದು. ಸೆಲ್ ಹೊಸದಿದ್ದಾಗಲೂ 3 ವೋಲ್ಟ್ ಆಸುಪಾಸು, ಅರ್ಧ ಖರ್ಚಾದಾಗಲೂ ಹೆಚ್ಚುಕಮ್ಮಿ ಅಷ್ಟೇ, ಮುಕ್ಕಾಲು ಖರ್ಚಾದಾಗಲೂ ಹತ್ತಿರ ಹತ್ತಿರ ಅಷ್ಟೇ. ಕೊನೆಗೆ ಬಂದಾಗ ದಬಕ್ಕನೆ ಬೀಳುತ್ತೆ. ತೋಟದ ಸಮತಟ್ಟು ದಾರೀಲಿ ನಡ್ಕೊಂಡು ಹೋಗಿ ಒಮ್ಮೆಲೇ ಕಟ್ಟೆ ಅಂಚಿಂದ ಬಿದ್ದ ಹಾಗೆ.

ಡೈವ್ ಕಂಪ್ಯೂಟರ್ ಏನು ಮಾಡುತ್ತೆ? ಟ್ರಾನ್ಸ್‌ಮಿಟರ್ ಕಳಿಸೋ ವೋಲ್ಟೇಜ್ ನೋಡಿ 'ಸರಿ ಇದೆ', 'ಕಡಿಮೆ ಇದೆ', 'ಮುಗೀತು' ಅಂತ ಮೂರರಲ್ಲಿ ಒಂದು ಹೇಳುತ್ತೆ. ವೋಲ್ಟೇಜೇ ಕೊನೇವರೆಗೂ ಬದಲಾಗದಿದ್ರೆ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? 'ಸರಿ ಇದೆ' ಅಂದ್ರೆ 'ಈಗ ಕೆಲಸ ಮಾಡ್ತಿದೆ' ಅಂತ ಅರ್ಥ. 'ಇನ್ನೂ ಎಷ್ಟು ದಿನ ಬರುತ್ತೆ' ಅನ್ನೋದಕ್ಕೆ ಅದು ಉತ್ತರ ಅಲ್ಲ.

ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿ ನೆನಪಿಸ್ಕೊಳ್ಳಿ. ಹೊರಗಡೆಯಿಂದ ಎಲ್ಲಾ ಒಂದೇ ಥರ. ಒಳಗೆ ನೀರು ಇದೆಯಾ, ಬತ್ತಿದೆಯಾ, ಗಿಟುಕಾಗಿದೆಯಾ ಅಂತ ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ. ಕೈಲಿ ಹಿಡಿದು ಅಲ್ಲಾಡಿಸಬೇಕು. ಸೆಲ್ಲೂ ಹಾಗೇ. ಮಲ್ಟಿಮೀಟರ್ ಕಡ್ಡಿ ಇಟ್ಟು 3 ವೋಲ್ಟ್ ಬಂತು ಅಂತ ಖುಷಿಪಡಬೇಡಿ, ಅದು ಕಾಯನ್ನ ಕಣ್ಣಲ್ಲಿ ನೋಡಿದ ಹಾಗೆ. ಕೆಲಸ ಕೊಟ್ಟಾಗ, ಅಂದ್ರೆ ಲೋಡ್ ಬಿದ್ದಾಗ ವೋಲ್ಟೇಜ್ ಎಷ್ಟು ನಿಲ್ಲುತ್ತೆ ಅನ್ನೋದೇ ನಿಜವಾದ ಪರೀಕ್ಷೆ. ದಣಿದ ಸೆಲ್ ಬೆಳಿಗ್ಗೆ ವಿಶ್ರಾಂತಿಯಲ್ಲಿದ್ದಾಗ ಚೆನ್ನಾಗೇ ತೋರಿಸಿ, ಎರಡನೇ ಡೈವ್‌ನಲ್ಲಿ ಕುಸಿಯಬಹುದು. ನಮ್ಮ ಹುಡುಗನಿಗೆ ಆಗಿರೋದು ಇದೇ ಇರಬಹುದು.

ಒಂದು ಸೆಲ್ ಎಷ್ಟು ದಿನ ಬರುತ್ತೆ?

ಮಾದರಿಯಿಂದ ಮಾದರಿಗೆ ಬೇರೆ, ಮ್ಯಾನುಯಲ್‌ನಲ್ಲಿ ಕೊಟ್ಟಿರ್ತಾರೆ. ಆದ್ರೆ ಲೆಕ್ಕ ಹಾಕೋ ರೀತಿ ಹೇಳ್ತೀನಿ. ಸಿಆರ್123ಎ ಸೆಲ್‌ನಲ್ಲಿ ಸುಮಾರು 1500 ಮಿಲಿಆಂಪ್ ಅವರ್ ಇರುತ್ತೆ. ಟ್ರಾನ್ಸ್‌ಮಿಟರ್ ಎಚ್ಚರ ಇದ್ದಾಗ ಸರಾಸರಿ 5 ಮಿಲಿಆಂಪ್ ಎಳೆಯುತ್ತೆ ಅಂತ ಉದಾಹರಣೆಗೆ ಇಟ್ಕೊಳ್ಳಿ. 300 ಗಂಟೆ ಬಂತು. ಒಂದು ಡೈವ್‌ಗೆ ನೀರಲ್ಲಿ 45 ನಿಮಿಷ, ದೋಣಿ ಮೇಲೆ ಹಿಂದೆ ಮುಂದೆ ಅರ್ಧ ಗಂಟೆ, ಒಟ್ಟು ಒಂದೂಕಾಲು ಗಂಟೆ. 240 ಡೈವ್ ಆಯ್ತು.

ಟ್ರಾನ್ಸ್‌ಮಿಟರ್‌ಗೆ ಸಾಮಾನ್ಯವಾಗಿ ಸ್ವಿಚ್ ಇರಲ್ಲ. ಸಿಲಿಂಡರ್ ತಿರುಗಿಸಿ ಒತ್ತಡ ಬಂದ ತಕ್ಷಣ ತಾನೇ ಎಚ್ಚರ ಆಗುತ್ತೆ, ಒತ್ತಡ ಹೋದ ಮೇಲೆ ಸ್ವಲ್ಪ ಹೊತ್ತಿಗೆ ತಾನೇ ಮಲಗುತ್ತೆ. ಈಗ ಯಾರೋ ಡೈವ್ ಮುಗಿಸಿ ರೆಗ್ಯುಲೇಟರ್‌ನಲ್ಲಿ ಒತ್ತಡ ಹಾಗೇ ಬಿಟ್ಟು ರಾತ್ರಿಯೆಲ್ಲಾ 12 ಗಂಟೆ ಇಟ್ಟರು ಅಂದ್ರೆ? ಹತ್ತಿರ ಹತ್ತಿರ 10 ಡೈವ್‌ನಷ್ಟು ಸೆಲ್ ಖರ್ಚು, ಅದೂ ಯಾರೂ ನೀರಿಗೆ ಇಳಿಯದೆ. ನಲ್ಲಿ ಕಟ್ಟದೆ ಮಲಗಿದ ಹಾಗೆ. ಆದ್ರಿಂದ ಮೊದಲನೇ ಪಾಠ: ಡೈವ್ ಮುಗಿದ ಕೂಡಲೇ ವಾಲ್ವ್ ಮುಚ್ಚಿ, ಪರ್ಜ್ ಬಟನ್ ಒತ್ತಿ ಪೈಪಿನಲ್ಲಿರೋ ಗಾಳಿ ಪೂರ್ತಿ ಬಿಟ್ಟುಬಿಡಿ.

ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಒಳಗಿನ ಸೆಲ್ ಎಷ್ಟು ಗಂಟೆ ದುಡಿದಿದೆ ಅಂತ ಮಾರಿದವರಿಗೂ ಗೊತ್ತಿರಲ್ಲ. ತಗೊಂಡ ದಿನವೇ ಹೊಸ ಸೆಲ್ ಹಾಕಿ, ಆ ದಿನದಿಂದ ಲೆಕ್ಕ ಶುರು ಮಾಡಿ.

ವರ್ಷಕ್ಕೆ ಹತ್ತು ಡೈವ್ ಮಾಡೋರು '240 ಡೈವ್ ಇದೆಯಲ್ಲ, 24 ವರ್ಷ ಯೋಚನೆ ಇಲ್ಲ' ಅಂದ್ಕೋಬೇಡಿ. ಅಷ್ಟು ವರ್ಷ ಮುಚ್ಚಳ ತೆಗೀದೆ ಬಿಟ್ರೆ ರಬ್ಬರ್ ಒಣಗಿ, ಉಪ್ಪು ಸೇರಿ, ಸೆಲ್‌ಗಿಂತ ಮೊದಲು ಟ್ರಾನ್ಸ್‌ಮಿಟರೇ ಹೋಗಿರುತ್ತೆ. ನನ್ನ ಲೆಕ್ಕ ಸರಳ: ಪ್ರತಿ ವರ್ಷ ಸೀಸನ್ ಶುರುವಾಗೋ ಮುಂಚೆ ಹೊಸ ಸೆಲ್. ಗೈಡ್ ಆಗಿ ದಿನಾ ನೀರಿಗೆ ಇಳಿಯೋರು ಮ್ಯಾನುಯಲ್‌ನಲ್ಲಿ ಹೇಳಿರೋ ಗಂಟೆಯ ಅರ್ಧಕ್ಕೇ ಬದಲಾಯಿಸೋದು ಕ್ಷೇಮ. ಸೆಲ್ ಬೆಲೆ ಕೆಲವು ನೂರು ರೂಪಾಯಿ. ಟ್ರಾನ್ಸ್‌ಮಿಟರ್ ಬೆಲೆ ಹತ್ತಾರು ಸಾವಿರ. ಉಸಿರಿನ ಬೆಲೆ ಹೇಳೋದು ಬೇಡ.

ಬದಲಾಯಿಸೋದು ಹೇಗೆ?

ಮೊದಲು ನಿಮ್ಮ ಮಾದರಿಯಲ್ಲಿ ಬಳಸೋರೇ ಬದಲಾಯಿಸಬಹುದಾ ನೋಡಿ. ಕೆಲವನ್ನ ಸರ್ವಿಸ್ ಸೆಂಟರ್‌ಗೇ ಕೊಡಬೇಕು. ನಾವೇ ಬದಲಾಯಿಸೋಕಾಗುತ್ತೆ ಅಂದ್ರೆ ಹೀಗೆ ಮಾಡಿ.

ಒಂದು: ದೋಣಿ ಮೇಲೆ ಬೇಡವೇ ಬೇಡ. ಅಲ್ಲಿ ಉಪ್ಪು, ತೇವ, ಅಲೆ. ಮನೇಲಿ, ಒಣಗಿದ ಮೇಜಿನ ಮೇಲೆ, ಕೈ ಒರೆಸ್ಕೊಂಡು ಮಾಡಿ. ಟ್ರಾನ್ಸ್‌ಮಿಟರ್ ಸಿಲಿಂಡರ್‌ಗೆ ಸೇರಿದ್ದಾಗ, ಒಳಗೆ ಒತ್ತಡ ಇದ್ದಾಗ ಯಾವ ಮುಚ್ಚಳವನ್ನೂ ತಿರುಗಿಸಬೇಡಿ.

ಎರಡು: ತೆಗೆಯೋ ಮುಂಚೆ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮುಚ್ಚಳದ ಸಂದಿಯಲ್ಲಿ ಒಂದು ಹನಿ ನಿಂತಿದ್ರೂ ತೆಗೆದಾಗ ಒಳಗೆ ಇಳಿಯುತ್ತೆ.

ಮೂರು: ಹಳೇ ಸೆಲ್ ಪ್ಲಸ್ ಮೈನಸ್ ಯಾವ ಕಡೆ ಇತ್ತು ಅಂತ ಫೋನಲ್ಲಿ ಫೋಟೋ ತೆಗೀರಿ. ಸ್ಪ್ರಿಂಗ್ ಮೇಲೆ ಹಸಿರೋ ಬಿಳಿಯೋ ಪುಡಿ ಕಂಡ್ರೆ ಉಪ್ಪುನೀರು ಒಳಗೆ ಬಂದಿದೆ ಅಂತ ಅರ್ಥ. ಆಗ ಹೊಸ ಸೆಲ್ ಹಾಕಿ ಸುಮ್ಮನಾಗಬೇಡಿ, ರಿಪೇರಿಯವರಿಗೆ ತೋರಿಸಿ.

ನಾಲ್ಕು: ಓ-ರಿಂಗ್. ಕುಕ್ಕರ್ ಗ್ಯಾಸ್ಕೆಟ್‌ನ ಪುಟ್ಟ ತಮ್ಮ ಇದು. ಮುಚ್ಚಳದ ಸುತ್ತ ಇರೋ ಕಪ್ಪು ರಬ್ಬರ್ ಬಳೆ. ನೀರನ್ನ ತಡೆಯೋದು ಇದೊಂದೇ. ಒಂದು ಕೂದಲು, ಒಂದು ಮರಳಿನ ಕಣ, ಒಂದು ಸೀಳು ಸಾಕು ನೀರು ನುಗ್ಗೋಕೆ. ಸೆಲ್ ಜೊತೆ ಓ-ರಿಂಗ್ ಕೂಡ ಹೊಸದು ಹಾಕಿ. ಕಂಪನಿ ಹೇಳಿರೋ ಸಿಲಿಕೋನ್ ಗ್ರೀಸ್ ತೆಳ್ಳಗೆ, ಹೊಳಪು ಬರೋಷ್ಟು ಮಾತ್ರ ಸವರಿ. ಮನೇಲಿರೋ ಕೊಬ್ಬರಿ ಎಣ್ಣೆ ಬೇಡ, ವ್ಯಾಸಲೀನ್ ಬೇಡ. ಎರಡೂ ರಬ್ಬರ್‌ಗೆ ಆಗಿಬರಲ್ಲ. ತಿಪಟೂರಿನೋರಿಗೆ ಕೊಬ್ಬರಿ ಎಣ್ಣೆ ಬೇಡ ಅನ್ನೋದು ಕಷ್ಟ, ಆದ್ರೂ ಹೇಳಲೇಬೇಕು.

ಐದು: ಮುಚ್ಚಿದ ಮೇಲೆ ಸಿಲಿಂಡರ್‌ಗೆ ಸೇರಿಸಿ, ಕಂಪ್ಯೂಟರ್‌ನಲ್ಲಿ ಅಂಕಿ ಬರ್ತಿದೆಯಾ ನೋಡಿ. ಅದನ್ನ ಮುಳ್ಳಿನ ಮೀಟರ್ ಜೊತೆ ತಾಳೆ ಹಾಕಿ. ಮುಚ್ಚಳದ ಹತ್ತಿರ ಮಾರ್ಕರ್‌ನಲ್ಲಿ ಸೆಲ್ ಹಾಕಿದ ತಿಂಗಳು, ವರ್ಷ ಬರೀರಿ.

ಇನ್ನೊಂದು ಎಚ್ಚರಿಕೆ. ಇದೇ ಅಳತೇಲಿ ಚಾರ್ಜ್ ಆಗೋ ಸೆಲ್‌ಗಳೂ ಸಿಗ್ತವೆ. ಪೂರ್ತಿ ಚಾರ್ಜ್ ಆದಾಗ ಅವುಗಳಲ್ಲಿ ಕೆಲವು 4.2 ವೋಲ್ಟ್ ಇರ್ತವೆ. 3 ವೋಲ್ಟ್‌ಗೆ ಮಾಡಿದ ಸರ್ಕ್ಯೂಟ್ ಸುಟ್ಟುಹೋಗಬಹುದು. ಕಂಪನಿ ಒಪ್ಪದೆ ಹಾಕಬೇಡಿ.

ಸೆಲ್ ಎಲ್ಲಿ ಸಿಗುತ್ತೆ? ಹಳೇ ಫೋಟೋ ಸ್ಟುಡಿಯೋದವರನ್ನ ಕೇಳಿ. ಫಿಲಂ ಕ್ಯಾಮೆರಾ ಕಾಲದಲ್ಲಿ ಸಿಆರ್2, ಸಿಆರ್123ಎ ಅವರ ದಿನನಿತ್ಯದ ಸಾಮಾನು. ಆನ್‌ಲೈನ್‌ನಲ್ಲಿ ತಗೊಂಡ್ರೆ ಹೆಸರುವಾಸಿ ಬ್ರ್ಯಾಂಡ್, ಮೇಲೆ ದಿನಾಂಕ ಅಚ್ಚಾಗಿರೋದು ನೋಡಿ ತಗೊಳ್ಳಿ. ಅಂಡಮಾನ್‌ಗೆ ವಿಮಾನದಲ್ಲಿ ಹೋಗೋರು ಬಿಡಿ ಸೆಲ್‌ಗಳನ್ನ ಕೈಚೀಲದಲ್ಲೇ ಇಟ್ಕೋಬೇಕು, ಲಗೇಜ್‌ಗೆ ಹಾಕೋ ಹಾಗಿಲ್ಲ.

ಹಳೇ ಸೆಲ್ ತೋಟದ ಗುಂಡಿಗೆ ಎಸೀಬೇಡಿ. ಸೋಗೆ, ಮಟ್ಟೆ ಸುಡೋ ಬೆಂಕಿಗಂತೂ ಹಾಕಲೇಬೇಡಿ. ಲಿಥಿಯಂ ಸೆಲ್ ಬೆಂಕೀಲಿ ಸಿಡಿಯುತ್ತೆ. ಎರಡು ತುದಿಗೂ ಟೇಪ್ ಸುತ್ತಿ, ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇದನ್ನ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರ ಮೇಲೂ ಇದೆ.

ನೀರಡಿಯಲ್ಲಿ ಅಂಕಿ ಹೋದ್ರೆ?

ಅಂಕಿ ಹೋದಾಗೆಲ್ಲಾ ಸೆಲ್ಲೇ ಹೋಗಿದೆ ಅಂತಲ್ಲ. ಟ್ರಾನ್ಸ್‌ಮಿಟರ್ ಬಲಗಡೆ ಇದ್ದು ಕಂಪ್ಯೂಟರ್ ಎಡಗೈಯಲ್ಲಿ ದೂರ ಚಾಚಿದ್ರೂ ಸಿಗ್ನಲ್ ತಪ್ಪಬಹುದು. ಪಕ್ಕದಲ್ಲಿ ಯಾರಾದ್ರೂ ಕ್ಯಾಮೆರಾ ಫ್ಲಾಶ್ ಹೊಡೆದ್ರೂ ಒಂದು ಕ್ಷಣ ಅಡ್ಡಿ ಆಗಬಹುದು. ಕೈ ಹತ್ತಿರ ತನ್ನಿ, ಸ್ವಲ್ಪ ಹೊತ್ತು ನೋಡಿ. ಬಂದ್ರೆ ಸರಿ.

ಪೂರ್ತಿ ಮಾಯ ಆಗೋದಕ್ಕಿಂತ ಅಪಾಯ ಇನ್ನೊಂದಿದೆ. ಸಿಗ್ನಲ್ ನಿಂತ ಮೇಲೂ ಕೆಲವು ಕಂಪ್ಯೂಟರ್‌ಗಳು ಸ್ವಲ್ಪ ಹೊತ್ತು ಹಳೇ ಅಂಕೀನೇ ತೋರಿಸ್ತಾ ಇರ್ತವೆ. 120 ಬಾರ್ ಅಂತ ನೋಡ್ತೀರಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೂ 120. ಅಂಕಿ ಇಳೀತಿಲ್ಲ ಅಂದ್ರೆ ಗಾಳಿ ಖರ್ಚಾಗ್ತಿಲ್ಲ ಅಂತಲ್ಲ. ನೀವು ಉಸಿರಾಡ್ತಾ ಇದೀರಿ, ಗಾಳಿ ಹೋಗ್ತಾನೇ ಇದೆ. ಆಗಲೇ ಹೇಳಿದ ನಿಮಿಷಕ್ಕೆ 40 ಲೀಟರ್ ಲೆಕ್ಕ ತಲೇಲಿ ಇದ್ರೆ ಅನುಮಾನ ತಕ್ಷಣ ಬರುತ್ತೆ.

ಅನುಮಾನ ಬಂತಾ? ಮುಳ್ಳಿನ ಮೀಟರ್ ನೋಡಿ. ಅದೂ ಇಲ್ವಾ? ಡೈವ್ ಅಲ್ಲಿಗೆ ಮುಗೀತು. ಜೊತೆಗಾರರಿಗೆ ಸನ್ನೆ ಮಾಡಿ, ಇಬ್ಬರೂ ಒಟ್ಟಿಗೆ ನಿಧಾನಕ್ಕೆ, ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ ಮೇಲೆ ಬನ್ನಿ. 5 ಮೀಟರ್‌ನಲ್ಲಿ 3 ನಿಮಿಷ ನಿಂತು, ಆಮೇಲೆ ಮೇಲಕ್ಕೆ. ಉಸಿರು ಕಟ್ಟಿ ಮೇಲೇರಬೇಡಿ. 'ಇನ್ನೊಂದು ಐದು ನಿಮಿಷ, ಆ ಮೀನು ನೋಡ್ಕೊಂಡು' ಅನ್ನೋದು ಬೇಡ.

ನಮ್ಮ ಹುಡುಗ ಕ್ಷೇಮವಾಗಿ ಮೇಲೆ ಬಂದಿದ್ದು ಜೊತೇಲಿದ್ದೋರು ನಿರ್ಧಾರ ತಗೊಂಡಿದ್ದಕ್ಕೆ. ನಾಳೆ ಅವನೇ ಗೈಡ್ ಆದಾಗ ಆ ನಿರ್ಧಾರ ಅವನದೇ. ಮೊದಲ ಸಲ ನೀರಿಗಿಳಿದ ನಾಲ್ಕು ಜನ ಅವನ ಕೈಯನ್ನೇ ನೋಡ್ತಾ ಇರ್ತಾರೆ. ಆದ್ರಿಂದ ತಮ್ಮಾ, ನಿನಗೆ ನನ್ನ ಉತ್ತರ ಇಷ್ಟೇ: ಸೆಲ್ ಬದಲಾಯಿಸು, ಓ-ರಿಂಗ್ ಬದಲಾಯಿಸು, ಟ್ರಾನ್ಸ್‌ಮಿಟರ್ ಇಟ್ಕೋ. ಜೊತೆಗೆ ಒಂದು ಮುಳ್ಳಿನ ಮೀಟರ್ ಕೂಡ ತಗುಲಿಸ್ಕೋ. ಅದು ಹಳೇ ಕಾಲದ್ದು ಅಂತ ನಾಚ್ಕೋಬೇಡ.

ಕೋರ್ಸ್ ಮಾಡದೆ ಒಂದು ಸಲ ಅನುಭವಕ್ಕೆ ಅಂತ ನೇತ್ರಾಣಿಗೆ ಹೋಗೋರಿಗೆ ಒಂದು ಮಾತು. ನಿಮ್ಮ ಗಾಳಿ ನೋಡ್ಕೊಳ್ಳೋ ಜವಾಬ್ದಾರಿ ಇನ್‌ಸ್ಟ್ರಕ್ಟರ್‌ದು. ಆದ್ರೂ ದೋಣಿ ಮೇಲೆ ಇರುವಾಗಲೇ ಕೇಳಿ: "ಸರ್, ನನ್ನ ಸಿಲಿಂಡರ್‌ನಲ್ಲಿ ಎಷ್ಟಿದೆ? ಮೀಟರ್ ಎಲ್ಲಿದೆ?" ಒಳ್ಳೇ ಇನ್‌ಸ್ಟ್ರಕ್ಟರ್ ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ಮೀಟರ್ ಕೈಗೆ ಕೊಟ್ಟು ತೋರಿಸ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಹತ್ರಾನೂ ಇಂಥ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೇಲಿ ಮಾತಾಡೋಣ. ಅಲ್ಲಿವರೆಗೂ ನಮಸ್ಕಾರ.